ಫೋನು ಒಡೆದಿದೆ, ಕೆಟ್ಟಿದೆ: ರಿಪೇರಿ ಮಾಡಿಸಬೇಕೋ, ಹೊಸದು ಕೊಳ್ಳಬೇಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೇರಿ ಅಂಗಡಿಯ ಕೌಂಟರಿನಲ್ಲಿ, ಪತ್ರಗಳಲ್ಲಿ, ಫೋನ್ ಕರೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ಬೋರ್ಡು (ಫೋನಿನ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಮತ್ತು ಡೇಟಾದ ಸಂಗತಿಗಳು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು. ಇಲ್ಲಿರುವ ದರಗಳು ಅಂದಾಜಿನವು. ಮಾಡೆಲ್ ಮತ್ತು ಊರಿನ ಮೇಲೆ ಹೆಚ್ಚುಕಡಿಮೆ ಆಗುತ್ತವೆ.

## ಅಂಗಡಿಗೆ ಹೋಗುವ ಮುನ್ನ

ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ? ಲೆಕ್ಕ ಹಾಕೋದು ಹೇಗೆ?

ರಿಪೇರಿಯ ಖರ್ಚನ್ನು ಆ ಫೋನು ಇನ್ನೆಷ್ಟು ತಿಂಗಳು ನಡೆಯುತ್ತದೋ ಅಷ್ಟರಿಂದ ಭಾಗಿಸಿ. ಹೊಸ ಫೋನಿನ ಬೆಲೆಯನ್ನೂ ಹಾಗೇ ಭಾಗಿಸಿ. ಯಾವುದು ಕಡಿಮೆ ಬರುತ್ತದೋ ಅದನ್ನು ಹಿಡಿಯಿರಿ.

ಒಂದು ಉದಾಹರಣೆ: 18,000 ರೂಪಾಯಿಯ ಫೋನಿನ ಡಿಸ್‌ಪ್ಲೇ ಒಡೆದಿದೆ, ಬದಲಿಸಲು 4,500 ಕೇಳುತ್ತಿದ್ದಾರೆ. ಸೆಕ್ಯುರಿಟಿ ಅಪ್‌ಡೇಟ್ ಇನ್ನೂ 18 ತಿಂಗಳು ಬರುತ್ತದೆ. ತಿಂಗಳಿಗೆ 250 ರೂಪಾಯಿ ಬಿತ್ತು. ಅಷ್ಟೇ ಬೆಲೆಯ ಹೊಸ ಫೋನನ್ನು 48 ತಿಂಗಳು ಬಳಸಿದರೆ ತಿಂಗಳಿಗೆ 375. ಇಲ್ಲಿ ರಿಪೇರಿಯೇ ಲಾಭ. ಅದೇ ಫೋನಿಗೆ ಅಪ್‌ಡೇಟ್ ಆರೇ ತಿಂಗಳು ಉಳಿದಿದ್ದರೆ ತಿಂಗಳಿಗೆ 750 ಆಗುತ್ತದೆ, ಆಗ ಬೇಡ.

"ಅರ್ಧ ಬೆಲೆಗಿಂತ ಹೆಚ್ಚಾದರೆ ಬಿಟ್ಟುಬಿಡಿ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅರ್ಧ ಅಂದರೆ ಯಾವುದರ ಅರ್ಧ? ಮೂರು ವರ್ಷದ ಹಿಂದೆ ಕೊಟ್ಟ ದುಡ್ಡು ಇವತ್ತಿನ ಲೆಕ್ಕಕ್ಕೆ ಬರುವುದಿಲ್ಲ. ಅದೇ ಮಾಡೆಲ್ಲಿನ ಒಳ್ಳೆಯ ಸೆಕೆಂಡ್ ಹ್ಯಾಂಡ್ ಫೋನು ಇವತ್ತು ಎಷ್ಟಕ್ಕೆ ಸಿಗುತ್ತದೆ ನೋಡಿ. ರಿಪೇರಿ ಅದರ ಹತ್ತಿರಕ್ಕೆ ಬಂದರೆ ನಿಲ್ಲಿಸಿ.

ಈ ಲೆಕ್ಕವೂ ಬೇಕಾಗದ ಕೆಲಸಗಳಿವೆ. ಬ್ಯಾಟರಿ, ಚಾರ್ಜಿಂಗ್ ಪಿನ್, ಸ್ಪೀಕರ್, ಮೈಕ್, ಪವರ್ ಬಟನ್ ಹೋಗಿದ್ದರೆ ಸಾಮಾನ್ಯವಾಗಿ ಯೋಚಿಸದೆ ರಿಪೇರಿ ಮಾಡಿಸಿ. ಇಂಥ ಸಣ್ಣ ತೊಂದರೆಗೆ ಚೆನ್ನಾಗಿರುವ ಫೋನು ಮೂಲೆ ಸೇರಬಾರದು.

ನನ್ನ ಫೋನಿಗೆ ಅಪ್‌ಡೇಟ್ ನಿಂತುಹೋಗಿದೆ. ಆದ್ರೂ ದುಡ್ಡು ಹಾಕಬಹುದಾ?

ಸೆಟ್ಟಿಂಗ್ಸ್‌ನಲ್ಲಿ "ಅಬೌಟ್ ಫೋನ್" ತೆರೆದು, ಅದರೊಳಗೆ ಆಂಡ್ರಾಯ್ಡ್ ಆವೃತ್ತಿಯನ್ನು ಒತ್ತಿದರೆ ಸೆಕ್ಯುರಿಟಿ ಪ್ಯಾಚ್‌ನ ದಿನಾಂಕ ಕಾಣುತ್ತದೆ. ಅದು ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಕಂಪನಿ ಆ ಮಾಡೆಲನ್ನು ಕೈಬಿಟ್ಟಿದೆ ಎಂದೇ ತಿಳಿಯಿರಿ. ಅಂಥ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಮತ್ತು ಯುಪಿಐ ಇಟ್ಟುಕೊಳ್ಳುವುದು ಬೇಡ.

ಫೋನು ಅಜ್ಜಿಯ ಕೈಯಲ್ಲಿದ್ದು, ಕರೆ ಮಾಡಲು, ವಾಟ್ಸಾಪ್ ವಿಡಿಯೋದಲ್ಲಿ ಮೊಮ್ಮಕ್ಕಳನ್ನು ನೋಡಲು, ಯಕ್ಷಗಾನದ ವಿಡಿಯೋ ಹಾಕಿಕೊಳ್ಳಲು ಮಾತ್ರ ಬೇಕಿದ್ದರೆ ಬ್ಯಾಟರಿಗೋ ಚಾರ್ಜಿಂಗ್ ಪಿನ್ನಿಗೋ ಖರ್ಚು ಮಾಡಬಹುದು. ಡಿಸ್‌ಪ್ಲೇಗೆ ಬೇಡ.

ಹೊಸ ಫೋನುಗಳಲ್ಲಿ ಈ ಲೆಕ್ಕ ಬದಲಾಗಿದೆ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ 7 ವರ್ಷದ ಅಪ್‌ಡೇಟ್ ಮಾತು ಕೊಟ್ಟಿವೆ. ಅಂಥ ಫೋನಿಗೆ ಮೂರನೇ ವರ್ಷದಲ್ಲಿ ದುಬಾರಿ ಡಿಸ್‌ಪ್ಲೇ ಹಾಕಿಸಿದರೂ ಆ ದುಡ್ಡು ದುಡಿಯುತ್ತದೆ.

ವಾರಂಟಿ ಇದೆ. ಪಕ್ಕದ ಅಂಗಡೀಲೇ ಬಿಚ್ಚಿಸಿದ್ರೆ ಏನಾಗುತ್ತೆ?

ವಾರಂಟಿ ಬಹುತೇಕ ಹೋದಂತೆಯೇ. ಒಳಗಿನ ಸ್ಕ್ರೂಗಳ ಮೇಲೆ ಸಣ್ಣ ಸೀಲ್ ಸ್ಟಿಕರ್ ಇರುತ್ತದೆ, ಬಿಚ್ಚಿದರೆ ಗೊತ್ತಾಗುತ್ತದೆ. ಬಿದ್ದು ಒಡೆದದ್ದು, ನೀರು ಹೋದದ್ದು ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ. ಆದರೆ ಫೋನು ಕೊಂಡಾಗ ಅಪಘಾತ ಹಾನಿಯ ಪ್ಲಾನ್ ಏನಾದರೂ ತಗೊಂಡಿದ್ದೀರಾ, ಕ್ರೆಡಿಟ್ ಕಾರ್ಡಿನ ಜೊತೆ ವಿಮೆ ಬಂದಿದೆಯಾ ಎಂದು ಬಿಲ್ ತೆಗೆದು ನೋಡಿ. ಇದ್ದರೆ ಒಡೆದ ಸ್ಥಿತಿಯ ಫೋಟೋ ತೆಗೆದು ಮೊದಲು ಕ್ಲೇಮ್ ಹಾಕಿ. ಒಮ್ಮೆ ಹೊರಗೆ ಬಿಚ್ಚಿಸಿದರೆ ಕ್ಲೇಮ್ ನಿಲ್ಲುವುದು ಕಷ್ಟ.

ರಿಪೇರಿಗೆ ಕೊಡೋ ಮುಂಚೆ ಏನೇನು ಮಾಡ್ಬೇಕು? ಪಿನ್ ನಂಬರ್ ಕೇಳ್ತಾರೆ, ಕೊಡ್ಲಾ?

ಪಿನ್ ಕೊಡಬೇಡಿ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ. ಇದನ್ನು ಹಾಕಿದರೆ ನಿಮ್ಮ ಫೋಟೋ, ಸಂದೇಶ, ಆ್ಯಪ್‌ಗಳೆಲ್ಲ ಮರೆಯಾಗಿ ಖಾಲಿ ಫೋನಿನಂತೆ ಕಾಣುತ್ತದೆ, ಆದರೂ ಕ್ಯಾಮೆರಾ, ಸ್ಪೀಕರ್, ಟಚ್ ಎಲ್ಲವನ್ನೂ ಪರೀಕ್ಷಿಸಬಹುದು. ವಾಪಸ್ ಬಂದ ಮೇಲೆ ನಿಮ್ಮ ಪಿನ್ ಹಾಕಿ ಹೊರಬನ್ನಿ. ಈ ಸೌಲಭ್ಯ ಇಲ್ಲದ ಫೋನಾದರೆ ಕೆಲಸ ಮುಗಿಯುವವರೆಗೆ ಅಲ್ಲೇ ಕೂತು, ಬೇಕಾದಾಗ ನೀವೇ ಪಿನ್ ಒತ್ತಿ.

ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. *#06# ಒತ್ತಿ ಐಎಂಇಐ (ಫೋನಿನ 15 ಅಂಕಿಯ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಬ್ಯಾಕಪ್ ಮಾಡಿಕೊಳ್ಳಿ. ಚೀಟಿಯಲ್ಲಿ ಯಾವ ಭಾಗ, ಯಾವ ದರ್ಜೆಯದ್ದು, ಎಷ್ಟು ದಿನದ ಗ್ಯಾರಂಟಿ ಎಂದು ಬರೆಸಿ.

## ಡಿಸ್‌ಪ್ಲೇ

ಮೇಲಿನ ಗ್ಲಾಸ್ ಮಾತ್ರ ಒಡೆದಿದೆ, ಟಚ್, ಚಿತ್ರ ಎಲ್ಲಾ ಚೆನ್ನಾಗಿದೆ. ಗ್ಲಾಸ್ ಒಂದನ್ನೇ ಬದಲಿಸ್ತಾರಾ?

ಬದಲಿಸುತ್ತಾರೆ, ಆದರೆ ಎಲ್ಲ ಅಂಗಡಿಯಲ್ಲೂ ಅಲ್ಲ. ಗ್ಲಾಸು, ಟಚ್, ಚಿತ್ರ ಮೂಡುವ ಪ್ಯಾನೆಲ್ ಮೂರೂ ಪಾರದರ್ಶಕ ಅಂಟಿನಿಂದ ಒಂದೇ ಹಲಗೆಯಂತೆ ಕೂಡಿಕೊಂಡಿರುತ್ತವೆ. ಈ ಇಡೀ ಹಲಗೆಗೆ ಅಂಗಡಿ ಭಾಷೆಯಲ್ಲಿ ಕಾಂಬೊ ಅಥವಾ ಫೋಲ್ಡರ್ ಎನ್ನುತ್ತಾರೆ. ಗ್ಲಾಸು ಮಾತ್ರ ಬಿಡಿಸಬೇಕಾದರೆ ಬಿಸಿ ತಟ್ಟೆಯ ಮೇಲಿಟ್ಟು ಅಂಟನ್ನು ಮೆತ್ತಗೆ ಮಾಡಿ, ಕೂದಲಿನಷ್ಟು ತೆಳುವಾದ ತಂತಿಯನ್ನು ಗ್ಲಾಸಿಗೂ ಪ್ಯಾನೆಲ್ಲಿಗೂ ನಡುವೆ ಎಳೆಯುತ್ತಾರೆ. ಹಳೆಯ ಅಂಟು ಒರೆಸಿ, ಓಸಿಎ ಎಂಬ ಪಾರದರ್ಶಕ ಅಂಟಿನ ಹಾಳೆ ಹಚ್ಚಿ, ನಿರ್ವಾತ ಯಂತ್ರದಲ್ಲಿ ಹೊಸ ಗ್ಲಾಸು ಕೂರಿಸಿ, ಆಮೇಲೆ ಒತ್ತಡದ ಪೆಟ್ಟಿಗೆಯಲ್ಲಿಟ್ಟು ಗುಳ್ಳೆ ಹೋಗಿಸುತ್ತಾರೆ. ಈ ಯಂತ್ರಗಳಿಲ್ಲದೆ ಕೈಯಲ್ಲೇ ಅಂಟಿಸಿದರೆ ಮೂಲೆಯಲ್ಲಿ ಗುಳ್ಳೆ, ಒಳಗೆ ಧೂಳು ಖಚಿತ.

ಚಪ್ಪಟೆ ಸ್ಕ್ರೀನಿನಲ್ಲಿ ಇದು ಒಳ್ಳೆಯ ಉಳಿತಾಯ, ಕಂಪನಿಯ ಮೂಲ ಪ್ಯಾನೆಲ್ ಉಳಿಯುತ್ತದೆ. ಅಂಚು ಬಾಗಿದ ಅಮೋಲೆಡ್ ಸ್ಕ್ರೀನಿನಲ್ಲಿ ತಂತಿ ಎಳೆಯುವಾಗ ಪ್ಯಾನೆಲ್ ಸಾಯುವ ಸಾಧ್ಯತೆ ಹೆಚ್ಚು. ಕೆಲಸ ಶುರುವಾಗುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: "ಬಿಡಿಸುವಾಗ ಪ್ಯಾನೆಲ್ ಹೋದರೆ ಯಾರ ಖರ್ಚು?" ಉತ್ತರ ಸ್ಪಷ್ಟವಾಗಿ ಬರದಿದ್ದರೆ ಫೋನು ವಾಪಸ್ ತಗೊಳ್ಳಿ.

ಒರಿಜಿನಲ್ ಡಿಸ್‌ಪ್ಲೇ ಒಂಬತ್ತು ಸಾವಿರ, ಕಾಪಿ ಎರಡೂವರೆ ಸಾವಿರ ಅಂದ್ರು. ಅಷ್ಟೊಂದು ವ್ಯತ್ಯಾಸ ಯಾಕೆ?

ಹೆಚ್ಚಾಗಿ ಆ ಅಗ್ಗದ್ದು ಬೇರೆ ಜಾತಿಯ ಪ್ಯಾನೆಲ್ಲೇ ಆಗಿರುತ್ತದೆ. ಅಮೋಲೆಡ್‌ನಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಅದರ ಜಾಗಕ್ಕೆ ಹಾಕುವ ಅಗ್ಗದ ಕಾಂಬೊ ಎಲ್‌ಸಿಡಿ, ಅದಕ್ಕೆ ಹಿಂದಿನಿಂದ ದೀಪ ಬೇಕು. ಹಾಗಾಗಿ ದಪ್ಪ ಹೆಚ್ಚು, ಫ್ರೇಮಿನಿಂದ ಒಂದಿಷ್ಟು ಮೇಲೆದ್ದು ನಿಲ್ಲುತ್ತದೆ. ಕಪ್ಪು ಬಣ್ಣ ಬೂದಿಯಂತೆ ಕಾಣುತ್ತದೆ. ಬಿಸಿಲಿನಲ್ಲಿ ಓದಲಾಗುವುದಿಲ್ಲ, ಬ್ಯಾಟರಿ ಬೇಗ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ರೀನಿನ ಕೆಳಗೆ ಬೆರಳಚ್ಚು ಓದುವ ಫೋನಾದರೆ ಆ ಸೌಲಭ್ಯ ಹೋಗುತ್ತದೆ, ಏಕೆಂದರೆ ಎಲ್‌ಸಿಡಿಯ ಹಿಂದಿನ ಪದರಗಳನ್ನು ದಾಟಿ ಸೆನ್ಸರಿಗೆ ಬೆಳಕು ತಲುಪುವುದಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಾಗಲಿ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಾಗಲಿ, ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಾಗಲಿ, "ಒರಿಜಿನಲ್" ಎಂಬ ಪದಕ್ಕೆ ಒಂದೇ ಅರ್ಥವಿಲ್ಲ. ಹಳೆಯ ಫೋನಿನಿಂದ ಬಿಚ್ಚಿದ ಮೂಲ ಪ್ಯಾನೆಲ್, ಮೂಲ ಪ್ಯಾನೆಲ್ಲಿಗೆ ಹೊಸ ಗ್ಲಾಸು ಹಾಕಿದ್ದು, ಬೇರೆ ಕಾರ್ಖಾನೆಯ ಓಲೆಡ್ (ಅಮೋಲೆಡ್ ಜಾತಿಯದೇ), ಎಲ್‌ಸಿಡಿ ಕಾಪಿ ಎಂದು ನಾಲ್ಕು ದರ್ಜೆ ಇವೆ. "ಇದು ಓಲೆಡ್ಡೋ ಎಲ್‌ಸಿಡಿಯೋ, ಫಿಂಗರ್‌ಪ್ರಿಂಟ್ ಕೆಲಸ ಮಾಡುತ್ತಾ?" ಎಂದು ನೇರವಾಗಿ ಕೇಳಿ. ಅಂಟಿಸುವ ಮುನ್ನ ಬರೀ ಕನೆಕ್ಟರ್ ಸಿಕ್ಕಿಸಿ ಆನ್ ಮಾಡಿಸಿ. ಕತ್ತಲಲ್ಲಿ ಪೂರ್ತಿ ಕಪ್ಪು ಚಿತ್ರ ತೆರೆದು ನೋಡಿ. ಹೊಳಪು ಕಂಡರೆ ಅದು ಎಲ್‌ಸಿಡಿ.

ಫೋನು ಇನ್ನೊಂದು ವರ್ಷ ನಡೆದರೆ ಸಾಕು ಎನ್ನುವವರಿಗೆ, ಬೆರಳಚ್ಚು ಪಕ್ಕದ ಬಟನ್ನಿನಲ್ಲಿದ್ದರೆ, ಒಳ್ಳೆಯ ಕಾಪಿ ತಪ್ಪೇನಲ್ಲ. ತಿಳಿದು ಕೊಳ್ಳಬೇಕು, ಅಷ್ಟೇ.

ಫೋನು ಬಿದ್ದೇ ಇಲ್ಲ, ಆದ್ರೂ ಉದ್ದಕ್ಕೆ ಹಸಿರು ಗೆರೆ ಬಂದಿದೆ. ಸಾಫ್ಟ್‌ವೇರ್ ಹಾಕಿದ್ರೆ ಹೋಗುತ್ತಾ?

ಹೋಗುವುದಿಲ್ಲ. ಪ್ಯಾನೆಲ್ಲಿನ ಅಂಚಿನಲ್ಲಿ ತೆಳುವಾದ ಫಿಲ್ಮ್ ಮೂಲಕ ಸಂಕೇತ ಬರುತ್ತದೆ. ಆ ಜೋಡಣೆಯಲ್ಲಿ ಒಂದು ಸಾಲು ಕೆಟ್ಟರೆ ಆ ಸಾಲಿನ ಚುಕ್ಕಿಗಳೆಲ್ಲ ಒಂದೇ ಬಣ್ಣದಲ್ಲಿ ನಿಂತುಬಿಡುತ್ತವೆ. ಶಾಖ ಇದಕ್ಕೆ ದೊಡ್ಡ ಶತ್ರು. ಅಪ್‌ಡೇಟ್ ಆಗುವಾಗ ಫೋನು ಬಿಸಿಯಾಗುವುದರಿಂದ ಎಷ್ಟೋ ಜನರಿಗೆ ಗೆರೆ ಅದಾದ ಮೇಲೇ ಕಾಣಿಸಿಕೊಳ್ಳುತ್ತದೆ.

ಹೊರಗಿನ ಅಂಗಡಿಗೆ ಕೊಡುವ ಮುನ್ನ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕೇಳಿ. ವಾರಂಟಿ ಮುಗಿದಿದ್ದರೂ ಕೆಲವು ಕಂಪನಿಗಳು ಕೆಲವು ಮಾಡೆಲ್‌ಗಳಿಗೆ ಈ ಗೆರೆಯ ತೊಂದರೆಗೆ ಮಾತ್ರ ಪುಕ್ಕಟೆ ಡಿಸ್‌ಪ್ಲೇ ಹಾಕಿಕೊಟ್ಟಿವೆ. ಫೋನು ಬಿಚ್ಚಿರಬಾರದು, ಮೈ ಒಡೆದಿರಬಾರದು ಎಂಬ ಷರತ್ತು ಇರುತ್ತದೆ. ಒಂದೇ ಗೆರೆಯಾದರೆ ಹಾಗೇ ಬಳಸಬಹುದು, ಆದರೆ ಗೆರೆಗಳು ಹೆಚ್ಚಾಗುವ ಸಂಭವ ಇರುವುದರಿಂದ ಅವತ್ತೇ ಬ್ಯಾಕಪ್ ಮಾಡಿ.

ಒಡೆದ ಗ್ಲಾಸಿಗೆ ಟೇಪ್ ಅಂಟಿಸಿ ನಡೆಸಬಹುದಾ?

ಕೆಲವು ದಿನಕ್ಕೆ ಸರಿ. ಬಿರುಕಿನಿಂದ ಬೆವರು, ಮಳೆ ನೀರು ಒಳಗಿಳಿದರೆ ಮೂರು ಸಾವಿರದ ಕೆಲಸ ಬೋರ್ಡಿನವರೆಗೆ ಹೋಗುತ್ತದೆ. ಟಚ್ ತಾನಾಗಿಯೇ ಒತ್ತಿಕೊಳ್ಳಲು ಶುರುವಾದರೆ ತಕ್ಷಣ ಆಫ್ ಮಾಡಿ. ತಪ್ಪು ಪಿನ್ ಪದೇ ಪದೇ ಬಿದ್ದು ಫೋನು ಲಾಕ್ ಆಗುತ್ತದೆ.

## ಬ್ಯಾಟರಿ ಮತ್ತು ಚಾರ್ಜಿಂಗ್

30% ಇದ್ದಾಗ್ಲೇ ಆಫ್ ಆಗುತ್ತೆ. ಬ್ಯಾಟರಿ ಹೋಗಿದ್ಯಾ, ಬೋರ್ಡ್ ಹೋಗಿದ್ಯಾ?

ಆಫ್ ಆದ ಕೂಡಲೇ ಚಾರ್ಜರ್ ಹಾಕಿ. ಆನ್ ಆದಾಗ 25–30% ತೋರಿಸಿದರೆ ಬ್ಯಾಟರಿ ಮುದಿಯಾಗಿದೆ. ಹಳೆಯ ಸೆಲ್ಲಿನ ಒಳ ಪ್ರತಿರೋಧ ಏರಿರುತ್ತದೆ. ವಿಡಿಯೋ ಕರೆ, ಕ್ಯಾಮೆರಾ ಫ್ಲ್ಯಾಷ್‌ನಂಥ ಹೆಚ್ಚು ಕರೆಂಟ್ ಎಳೆಯುವ ಕೆಲಸ ಬಂದಾಗ ವೋಲ್ಟೇಜ್ ದಿಢೀರನೆ ಕುಸಿದು ಫೋನು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ.

ಬೋರ್ಡಿನ ಮೇಲೆ ಅನುಮಾನವಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ರಾತ್ರಿ 80% ಇರುವಾಗ ಪೂರ್ತಿ ಸ್ವಿಚ್ ಆಫ್ ಮಾಡಿ ಮಲಗಿ. ಬೆಳಿಗ್ಗೆ ಒಂದೆರಡು ಶೇಕಡ ಇಳಿದಿದ್ದರೆ ಸಹಜ. 60ಕ್ಕೆ ಇಳಿದಿದ್ದರೆ ಬೋರ್ಡಿನಲ್ಲಿ ಎಲ್ಲೋ ಕರೆಂಟ್ ಸೋರುತ್ತಿರಬಹುದು, ಬರೀ ಬ್ಯಾಟರಿ ಬದಲಿಸಿದರೆ ಸರಿಹೋಗುವುದಿಲ್ಲ.

ಆ್ಯಪಲ್ ಹೇಳುವ ಪ್ರಕಾರ ಐಫೋನ್ 14 ಮತ್ತು ಅದಕ್ಕೂ ಹಿಂದಿನವುಗಳ ಬ್ಯಾಟರಿ 500 ಪೂರ್ಣ ಚಾರ್ಜ್‌ಗಳ ನಂತರ, 15 ಮತ್ತು ಆಮೇಲಿನವುಗಳದ್ದು 1,000ದ ನಂತರ ಮೂಲ ಸಾಮರ್ಥ್ಯದ 80% ಉಳಿಸಿಕೊಳ್ಳಬೇಕು. ದಿನಕ್ಕೊಂದು ಚಾರ್ಜ್ ಎಂದರೆ 500 ಎನ್ನುವುದು ಒಂದೂವರೆ ವರ್ಷಕ್ಕೆ ಬಂದುಬಿಡುತ್ತದೆ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸುವುದು ಸ್ಕೂಟರಿನ ಟೈರ್ ಬದಲಿಸಿದಷ್ಟೇ ಸಹಜ, ಅದು ಫೋನು ಬಿಸಾಡುವ ಕಾರಣವೇ ಅಲ್ಲ. ಬಹುತೇಕ ಆಂಡ್ರಾಯ್ಡ್ ಫೋನುಗಳಿಗೆ ಒಂದೆರಡು ಸಾವಿರದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದೇ ಅಳತೆಯ ಬ್ಯಾಟರಿಯಲ್ಲಿ ಮೂಲದ ಒಂದೂವರೆ ಪಟ್ಟು ಎಂಎಎಚ್ (ಬ್ಯಾಟರಿಯ ಸಾಮರ್ಥ್ಯ) ಬರೆದಿದ್ದರೆ ನಂಬಬೇಡಿ.

ಫೋನಿನ ಹಿಂಬದಿ ಉಬ್ಬಿದೆ, ಸ್ಕ್ರೀನು ಅಂಚಲ್ಲಿ ಎದ್ದಿದೆ. ಒತ್ತಿ ಅಂಟಿಸ್ಲಾ?

ಒತ್ತಬೇಡಿ. ಒಳಗಿನ ದ್ರವ ಒಡೆದು ಅನಿಲವಾಗಿ ಬ್ಯಾಟರಿ ದಿಂಬಿನಂತೆ ಊದಿದೆ. ಒತ್ತಿದರೆ, ಚುಚ್ಚಿದರೆ ಪದರಗಳು ತಾಗಿ ಬೆಂಕಿ ಹತ್ತಬಹುದು. ಈಗಲೇ ಆಫ್ ಮಾಡಿ, ಚಾರ್ಜ್ ಹಾಕಬೇಡಿ, ಹಾಸಿಗೆ, ಪರದೆ, ಗ್ಯಾಸ್ ಸಿಲಿಂಡರ್‌ಗಳಿಂದ ದೂರ ಸಿಮೆಂಟು ನೆಲದ ಮೇಲಿಡಿ. ಅಂಗಡಿಗೆ ಒಯ್ಯುವಾಗ ಪ್ಯಾಂಟಿನ ಜೇಬಲ್ಲಿ ಬೇಡ. ಬೇಗ ಒಯ್ದರೆ ಬರೀ ಬ್ಯಾಟರಿ ಖರ್ಚು. ತಡ ಮಾಡಿದರೆ ಊತಕ್ಕೆ ಡಿಸ್‌ಪ್ಲೇಯೂ ಸೀಳುತ್ತದೆ.

ಕೇಬಲ್ ಒಂದು ಕಡೆ ಒತ್ತಿ ಹಿಡಿದ್ರೆ ಮಾತ್ರ ಚಾರ್ಜ್ ಆಗುತ್ತೆ. ಪಿನ್ ಹೋಯ್ತಾ?

ಪಿನ್ ಹೋಗದೆಯೂ ಹೀಗಾಗುತ್ತದೆ. ಬೇರೆ ಕೇಬಲ್, ಬೇರೆ ಅಡಾಪ್ಟರ್ ಹಾಕಿ ನೋಡಿ. ಆಮೇಲೆ ಟಾರ್ಚ್ ಬಿಟ್ಟು ಚಾರ್ಜಿಂಗ್ ತೂತಿನ ಒಳಗೆ ನೋಡಿ. ಜೇಬಿನ ಬಟ್ಟೆಯ ನವಿರು, ಧೂಳು ಸೇರಿ ಗಟ್ಟಿ ಕಂಬಳಿಯಂತೆ ತಳದಲ್ಲಿ ಕೂತಿರುತ್ತದೆ. ಕೇಬಲ್ಲಿನ ತುದಿ ಪೂರ್ತಿ ಒಳಗಿಳಿಯದೆ ಅರ್ಧ ಮಿಲಿಮೀಟರ್ ಹೊರಗೇ ನಿಂತರೆ ಕಾರಣ ಇದೇ. ಫೋನು ಆಫ್ ಮಾಡಿ, ಹಲ್ಲುಕಡ್ಡಿಯ ತುದಿಯನ್ನು ತೆಳುವಾಗಿ ಕೆತ್ತಿ, ಗೋಡೆಗುಂಟ ಮೆಲ್ಲಗೆ ಕೆರೆದು ಹೊರಗೆಳೆಯಿರಿ. ಟೈಪ್ ಸಿ ತೂತಿನ ಮಧ್ಯದಲ್ಲಿರುವ ನಾಲಿಗೆಗೆ ಬಲ ಹಾಕಬೇಡಿ. ಸೂಜಿ, ಪಿನ್ನು ಬೇಡವೇ ಬೇಡ.

ಅದರಿಂದಲೂ ಆಗದಿದ್ದರೆ ಸಿಸಿ ಬೋರ್ಡ್, ಅಂದರೆ ಚಾರ್ಜಿಂಗ್ ಪಿನ್ ಇರುವ ತುಂಡು, ಬದಲಿಸಬೇಕು. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಇದು ಮುಖ್ಯ ಬೋರ್ಡಿನಿಂದ ಬೇರೆಯಾದ ಸಣ್ಣ ತುಂಡು, ಮೈಕ್ ಕೂಡ ಇದರ ಮೇಲೇ ಇರುತ್ತದೆ. ನಾಲ್ಕಾರು ಸ್ಕ್ರೂ, ಅರ್ಧ ಗಂಟೆಯ ಕೆಲಸ, ಖರ್ಚು ನೂರುಗಳಲ್ಲೇ ಮುಗಿಯಬಹುದು. ಕಳಪೆ ತುಂಡು ಹಾಕಿದರೆ ಚಾರ್ಜ್ ಆಗುತ್ತದೆ, ಫಾಸ್ಟ್ ಚಾರ್ಜ್ ಆಗುವುದಿಲ್ಲ. ಅದಕ್ಕೇ ನಿಮ್ಮ ಸ್ವಂತ ಚಾರ್ಜರ್ ಒಯ್ದು ಅಲ್ಲೇ ಪರೀಕ್ಷಿಸಿ.

## ನೀರು ಹೊಕ್ಕಾಗ

ಫೋನು ನೀರಿಗೆ ಬಿತ್ತು. ಅಕ್ಕಿ ಡಬ್ಬೀಲಿ ಇಟ್ಟಿದೀನಿ. ಎಷ್ಟು ದಿನ ಬಿಡ್ಬೇಕು?

ಈಗಲೇ ತೆಗೆಯಿರಿ. ಬೋರ್ಡಿನ ಚಿಪ್ಪುಗಳ ಕೆಳಗೆ ಸೇರಿದ ನೀರನ್ನು ಹೊರಗಿನ ಅಕ್ಕಿ ಹೀರುವುದಿಲ್ಲ, ಬದಲಿಗೆ ಅಕ್ಕಿಯ ಹಿಟ್ಟು ಚಾರ್ಜಿಂಗ್ ತೂತಿಗೆ ಸೇರುತ್ತದೆ. ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ಲೇ ತನ್ನ ಸೂಚನೆಯಲ್ಲಿ ಬರೆದಿದೆ. ಅಕ್ಕಿಯಿಂದಾಗುವ ನಿಜವಾದ ನಷ್ಟ ಸಮಯದ್ದು. ಡಬ್ಬಿಯಲ್ಲಿಟ್ಟ ಮೂರು ದಿನದಲ್ಲಿ ಒಳಗೆ ಹಸಿರು ಕಿಲುಬು ಹತ್ತಿರುತ್ತದೆ.

ಫೋನನ್ನು ಕೊಲ್ಲುವುದು ನೀರೊಂದೇ ಅಲ್ಲ, ನೀರಿನಲ್ಲಿರುವ ಲವಣ ಮತ್ತು ಹರಿಯುತ್ತಿರುವ ಕರೆಂಟು. ಎರಡೂ ಸೇರಿದಾಗ ತಾಮ್ರದ ಗೆರೆಗಳು ನಿಮಿಷಗಳಲ್ಲಿ ಕರಗಲು ಶುರುವಾಗುತ್ತವೆ. ಮೊದಲು ಸ್ವಿಚ್ ಆಫ್. ಆನ್ ಆಗುತ್ತದಾ ನೋಡೋಣ ಎಂದು ಒತ್ತಬೇಡಿ, ಚಾರ್ಜ್ ಹಾಕಬೇಡಿ. ಸಿಮ್ ಟ್ರೇ ಹೊರಗೆಳೆದು, ಕೇಸ್ ತೆಗೆದು, ಚಾರ್ಜಿಂಗ್ ತೂತು ಕೆಳಗೆ ಮಾಡಿ ಕೊಡವಿ, ಫ್ಯಾನಿನ ಗಾಳಿಗೆ ಇಡಿ. ಹೇರ್ ಡ್ರೈಯರ್ ನೀರನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಆದಷ್ಟು ಅದೇ ದಿನ ಬೋರ್ಡ್ ಕೆಲಸ ಬಲ್ಲವರ ಬಳಿ ಒಯ್ಯಿರಿ.

ಅಲ್ಲಿ ಆಗಬೇಕಾದದ್ದು ಇಷ್ಟು: ಬಿಚ್ಚಿ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಬೇಕು. ಬೋರ್ಡನ್ನು ಹೊರತೆಗೆದು 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆಯಬೇಕು. ಅಲ್ಟ್ರಾಸಾನಿಕ್ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ಬರೀ ಬಿಸಿಗಾಳಿ ಬಿಟ್ಟು "ಒಣಗಿಸಿದ್ದೇವೆ" ಎಂದರೆ ಕೆಲಸ ಆಗಿಲ್ಲ, ಲವಣ ಅಲ್ಲೇ ಉಳಿದಿದೆ.

ಯಾವ ನೀರು ಎಂಬುದೂ ಮುಖ್ಯ. ಮಳೆ ನೀರಿನಲ್ಲಿ ನೆನೆದದ್ದು ಬದುಕುವ ಸಾಧ್ಯತೆ ಹೆಚ್ಚು. ಮಲ್ಪೆ, ಗೋಕರ್ಣದ ಸಮುದ್ರದ ನೀರು, ಸೋಪಿನ ಬಕೆಟ್ಟು, ಚಹಾ ಇವೆಲ್ಲ ಕೆಟ್ಟವು. ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವಾಗ ಜೇಬಿನ ಫೋನು ತೊಯ್ದರೆ ಅದು ಮೈಲುತುತ್ತು ಮತ್ತು ಸುಣ್ಣದ ನೀರು. ತಾಮ್ರದ ಲವಣ ಬೋರ್ಡಿನ ಮೇಲೆ ನೇರವಾಗಿ ಕೂರುತ್ತದೆ, ಒಂದು ಗಂಟೆಯೂ ಕಾಯಬಾರದು.

ನೀರು ಕಂಡ ಫೋನು ಸರಿಯಾದರೂ ಒಂದು ತಿಂಗಳು ಅದಕ್ಕೆ ದುಬಾರಿ ಡಿಸ್‌ಪ್ಲೇ ಹಾಕಿಸಬೇಡಿ. ಎರಡು ವಾರ ಚೆನ್ನಾಗಿದ್ದು ಆಮೇಲೆ ಸಾಯುವ ಫೋನುಗಳು ಬಹಳ. ಆನ್ ಆದ ಕೂಡಲೇ ಮೊದಲ ಕೆಲಸ ಬ್ಯಾಕಪ್.

ಐಪಿ68 ಅಂತ ಹೇಳಿ ಮಾರಿದ್ರು. ಈಗ ನೀರು ಹೋಗಿದೆ, ವಾರಂಟಿ ಇಲ್ಲ ಅಂತಾರೆ. ಇದು ಸರಿನಾ?

ಐಪಿ ಎನ್ನುವುದು ಧೂಳು, ನೀರು ತಡೆಯುವ ದರ್ಜೆ. ಐಪಿ67 ಅಂದರೆ ನಿಂತ ಸಿಹಿನೀರಿನಲ್ಲಿ 1 ಮೀಟರ್ ಆಳ, 30 ನಿಮಿಷ. ಐಪಿ68ರಲ್ಲಿ ಆಳ ಮತ್ತು ಸಮಯವನ್ನು ಕಂಪನಿಯೇ ಹೇಳುತ್ತದೆ. ಪರೀಕ್ಷೆ ಹೊಸ ಫೋನಿನ ಮೇಲೆ ನಡೆದದ್ದು. ಬಿದ್ದು ಫ್ರೇಮ್ ಬಾಗಿದರೆ, ವರ್ಷಗಟ್ಟಲೆ ಶಾಖ ತಿಂದು ಅಂಟು ಒಣಗಿದರೆ ಆ ರಕ್ಷಣೆ ಉಳಿದಿರುವುದಿಲ್ಲ. ಇದನ್ನೇ ಕಾರಣ ಮಾಡಿ ಬಹುತೇಕ ಕಂಪನಿಗಳು ನೀರಿನ ಹಾನಿಯನ್ನು ವಾರಂಟಿಯಿಂದ ಹೊರಗಿಟ್ಟಿವೆ. ಜಾಹೀರಾತಿನಲ್ಲಿ ಫೋನನ್ನು ನೀರಲ್ಲಿ ಮುಳುಗಿಸಿ ತೋರಿಸುವವರು ಈ ಷರತ್ತನ್ನೂ ಅಷ್ಟೇ ದೊಡ್ಡದಾಗಿ ತೋರಿಸಬೇಕಿತ್ತು.

ಹಲವು ಫೋನುಗಳಲ್ಲಿ ಸಿಮ್ ಟ್ರೇ ತೂತಿನೊಳಗೆ ಸಣ್ಣ ಬಿಳಿ ಸ್ಟಿಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಸರ್ವೀಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ.

## ಬೋರ್ಡು ಮತ್ತು ಡೇಟಾ

"ಬೋರ್ಡ್ ಹೋಗಿದೆ, ರಿಪೇರಿಗೆ ಹೊಸ ಫೋನಿನ ಬೆಲೆ ಆಗುತ್ತೆ" ಅಂತಾರೆ. ನಿಜಾನಾ?

ಸರ್ವೀಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಬೋರ್ಡನ್ನು ರಿಪೇರಿ ಮಾಡುವುದಿಲ್ಲ, ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಅದಕ್ಕೇ ಆ ದರ. ಬೋರ್ಡಿನ ಮೇಲೆ ಒಂದು ರೂಪಾಯಿಯ ಕೆಪಾಸಿಟರ್ ಶಾರ್ಟ್ ಆಗಿದ್ದರೂ ಅವರ ಉತ್ತರ ಅದೇ.

ಚಿಪ್ ಮಟ್ಟದ ಕೆಲಸ ಬಲ್ಲವರು ಬ್ಯಾಟರಿ ಜಾಗಕ್ಕೆ ಡಿಸಿ ಪವರ್ ಸಪ್ಲೈ ಜೋಡಿಸಿ ಮೀಟರ್ ನೋಡುತ್ತಾರೆ. ಪವರ್ ಬಟನ್ ಒತ್ತುವ ಮುನ್ನವೇ ಮುಳ್ಳು ಮೇಲೆದ್ದರೆ ಬ್ಯಾಟರಿಯ ದಾರಿಯಲ್ಲೇ ಶಾರ್ಟ್ ಇದೆ. ಬಿಸಿಯಾಗುವ ಬಿಡಿಭಾಗವನ್ನು ಥರ್ಮಲ್ ಕ್ಯಾಮೆರಾದಿಂದ ಅಥವಾ ರಾಳದ ಹೊಗೆ ಹಿಡಿದು ಪತ್ತೆ ಮಾಡಿ ತೆಗೆಯಬಹುದು. ಇದು ಸಾಮಾನ್ಯವಾಗಿ ಕೈಗೆಟಕುವ ಕೆಲಸ. ಬಟನ್ ಒತ್ತಿದ ಮೇಲೆ ಒಂದಿಷ್ಟು ಕರೆಂಟ್ ಎಳೆದು ಅಲ್ಲೇ ನಿಂತರೆ ಪ್ರೊಸೆಸರ್, ಸ್ಟೋರೇಜ್ ಅಥವಾ ಪವರ್ ಐಸಿಯ (ಕರೆಂಟ್ ಹಂಚುವ ಚಿಪ್) ಕಡೆ ಅನುಮಾನ. ಬಿದ್ದ ಫೋನಿನಲ್ಲಿ ಚಿಪ್ಪಿನ ಕೆಳಗಿನ ಬೆಸುಗೆಯ ಗುಂಡುಗಳು ಬಿರುಕು ಬಿಟ್ಟಿರುತ್ತವೆ. ಚಿಪ್ಪನ್ನು ಎಬ್ಬಿಸಿ ಹೊಸ ಗುಂಡು ಕೂರಿಸುವ ರೀಬಾಲಿಂಗ್ ನಾಜೂಕಿನ ಕೆಲಸ, ಸೋಲುವ ಸಾಧ್ಯತೆಯೂ ಇದೆ. ಬರೀ "ಹೀಟ್ ಕೊಟ್ಟು" ಆನ್ ಮಾಡಿದ ಫೋನು ಕೆಲವೇ ವಾರಗಳಲ್ಲಿ ಮತ್ತೆ ನಿಲ್ಲುವುದು ಸಾಮಾನ್ಯ.

ಬೋರ್ಡ್ ಕೆಲಸಕ್ಕೆ ದುಡ್ಡು ಹಾಕಲು ಎರಡೇ ಕಾರಣ: ಫೋನು ದುಬಾರಿಯದು, ಅಥವಾ ಒಳಗಿನ ಡೇಟಾ ಬೇಕೇ ಬೇಕು. ಹದಿನೈದು ಸಾವಿರದ, ಮೂರು ವರ್ಷದ ಫೋನಿಗೆ ರೀಬಾಲಿಂಗ್ ಮಾಡಿಸುವುದು ನಮ್ಮ ಅಭಿಪ್ರಾಯದಲ್ಲಿ ತಪ್ಪು.

ಫೋನು ಸತ್ತಿದೆ, ರಿಪೇರಿ ಬೇಡ. ಮಗುವಿನ ಫೋಟೋ ಮಾತ್ರ ಸಿಗುತ್ತಾ?

ಮೊದಲು ಬೇರೆ ಕಂಪ್ಯೂಟರಿನಲ್ಲಿ ನಿಮ್ಮ ಗೂಗಲ್ ಖಾತೆ ತೆರೆದು ಗೂಗಲ್ ಫೋಟೋಸ್ ನೋಡಿ. ಎಷ್ಟೋ ಸಲ ಎಲ್ಲವೂ ಅಲ್ಲೇ ಇರುತ್ತದೆ.

ಡಿಸ್‌ಪ್ಲೇ ಮಾತ್ರ ಹೋಗಿ ಫೋನು ಒಳಗೆ ಜೀವಂತವಾಗಿದ್ದರೆ (ಕರೆ ಬಂದರೆ ರಿಂಗಾಗುತ್ತದೆ) ಸುಲಭ. ಚಿತ್ರ ಕಾಣುತ್ತಿದ್ದು ಟಚ್ ಮಾತ್ರ ಇಲ್ಲದಿದ್ದರೆ ಒಟಿಜಿ (ಚಾರ್ಜಿಂಗ್ ತೂತಿಗೆ ಯುಎಸ್‌ಬಿ ಸಾಧನ ಜೋಡಿಸುವ ಅಡಾಪ್ಟರ್) ಸಿಕ್ಕಿಸಿ ಮೌಸ್ ಹಾಕಿ. ಚಿತ್ರವೂ ಇಲ್ಲದಿದ್ದರೆ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಯಾವುದಾದರೂ ಡಿಸ್‌ಪ್ಲೇಯನ್ನು ಅಂಟಿಸದೆ ಕನೆಕ್ಟರಿಗೆ ಸಿಕ್ಕಿಸಿ ಅರ್ಧ ಗಂಟೆ ಬಳಸಲು ಕೇಳಿ. ಕಾಪಿ ಮಾಡಿಕೊಂಡು ಬಿಚ್ಚಿಕೊಟ್ಟರಾಯಿತು. ಸಣ್ಣ ಕೂಲಿಗೆ ಮಾಡಿಕೊಡುತ್ತಾರೆ.

ಬೋರ್ಡೇ ಸತ್ತಿದ್ದರೆ ಕಷ್ಟ. "ಮೆಮೊರಿ ಚಿಪ್ ಕಿತ್ತು ಡೇಟಾ ತೆಗೀತೀವಿ" ಎನ್ನುವ ಮಾತು ಹಳೆಯ ಫೋನುಗಳಿಗೆ ನಿಜವಾಗಿತ್ತು. ಆಂಡ್ರಾಯ್ಡ್ 10ರಿಂದ ಹೊಸದಾಗಿ ಬರುವ ಎಲ್ಲ ಫೋನುಗಳಲ್ಲೂ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಕೀಲಿ ಪ್ರೊಸೆಸರ್‌ಗೆ ಕಟ್ಟಿಕೊಂಡಿರುತ್ತದೆ. ಕಿತ್ತ ಚಿಪ್ಪಿನಲ್ಲಿ ಸಿಗುವುದು ಅರ್ಥವಿಲ್ಲದ ಅಂಕಿಗಳು. ಅದೇ ಪ್ರೊಸೆಸರ್, ಅದೇ ಸ್ಟೋರೇಜ್ ಸೇರಿ ಫೋನು ಒಮ್ಮೆಯಾದರೂ ಆನ್ ಆಗಬೇಕು, ನಿಮಗೆ ಪಿನ್ ನೆನಪಿರಬೇಕು. ಆದ್ದರಿಂದ ಡೇಟಾ ಬೇಕೆಂದು ಮೊದಲೇ ಹೇಳಿ. ರಿಸೆಟ್, ಸಾಫ್ಟ್‌ವೇರ್ ಹಾಕುವುದು, ಬೋರ್ಡ್ ಬದಲಿಸುವುದು ಮೂರರಲ್ಲಿ ಯಾವುದಾದರೂ ಆದರೆ ಫೋಟೋ ಶಾಶ್ವತವಾಗಿ ಹೋಗಬಹುದು.

ಬೋರ್ಡ್ ಬದಲಿಸಿದ್ರೆ ಐಎಂಇಐ ಬದಲಾಗುತ್ತಾ? ಹಳೇದನ್ನೇ ಬರೆದುಕೊಡ್ತೀವಿ ಅಂತಾರೆ.

ಐಎಂಇಐ ಬೋರ್ಡಿಗೆ ಸೇರಿದ್ದು, ಹಾಗಾಗಿ ಬದಲಾಗಬಹುದು. ಅಧಿಕೃತ ಸೆಂಟರಿನಲ್ಲಿ ಬದಲಿಸಿದರೆ ಜಾಬ್ ಶೀಟಿನಲ್ಲಿ (ಅವರು ಕೊಡುವ ರಿಪೇರಿ ಚೀಟಿ) ಹಳೆಯದು, ಹೊಸದು ಎರಡೂ ಬರೆಸಿ, ಮೂಲ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಐಎಂಇಐ ತಿದ್ದಿಸಲು ಒಪ್ಪಬೇಡಿ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದು ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇರುವ ಅಪರಾಧ.

ಐಫೋನಿಗೆ ಹೊರಗೆ ಡಿಸ್‌ಪ್ಲೇ ಹಾಕಿಸಿದೆ. "ಅನ್‌ನೋನ್ ಪಾರ್ಟ್" ಅಂತ ಬರ್ತಿದೆ. ತೊಂದರೆ ಇದೆಯಾ?

ಫೋನು ನಡೆಯುತ್ತದೆ. ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾಗಳನ್ನು ಆ್ಯಪಲ್ ಬೋರ್ಡಿನ ಜೊತೆ ಜೋಡಿ ಮಾಡಿರುತ್ತದೆ. ಹೊಂದದ ಭಾಗ ಕಂಡರೆ ಈ ಸೂಚನೆ ಬರುತ್ತದೆ. ಟ್ರೂ ಟೋನ್ (ಸುತ್ತಲಿನ ಬೆಳಕಿಗೆ ತಕ್ಕಂತೆ ಸ್ಕ್ರೀನಿನ ಬಣ್ಣ ಹೊಂದಿಸುವ ಸೌಲಭ್ಯ) ಹೋಗಬಹುದು. ಬ್ಯಾಟರಿಯಾದರೆ ಆರೋಗ್ಯದ ಶೇಕಡ ಕಾಣದಿರಬಹುದು. ಮಾರುವಾಗ ಬೆಲೆ ಇಳಿಯುತ್ತದೆ, ಏಕೆಂದರೆ "ಪಾರ್ಟ್ಸ್ ಅಂಡ್ ಸರ್ವೀಸ್ ಹಿಸ್ಟರಿ"ಯಲ್ಲಿ ಯಾರಿಗಾದರೂ ಇದು ಕಾಣುತ್ತದೆ. ಐಫೋನನ್ನು ಎರಡು ವರ್ಷದೊಳಗೆ ಎಕ್ಸ್‌ಚೇಂಜ್ ಮಾಡುವ ಯೋಚನೆಯಿದ್ದರೆ ಅಧಿಕೃತ ಸೆಂಟರೇ ಲೆಕ್ಕಕ್ಕೆ ಸರಿಹೋಗುತ್ತದೆ.

ಅಮೆರಿಕದಿಂದ ಅಣ್ಣ ತಂದುಕೊಟ್ಟ ಫೋನು. ಇಲ್ಲಿ ರಿಪೇರಿ ಆಗುತ್ತಾ?

ಸೆಟ್ಟಿಂಗ್ಸ್‌ನಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಬರೆದುಕೊಂಡು ಕೇಳಿ. ಹೆಸರು ಒಂದೇ ಆದರೂ ದೇಶದಿಂದ ದೇಶಕ್ಕೆ ಬೋರ್ಡು, ಕೆಲವೊಮ್ಮೆ ಪ್ರೊಸೆಸರ್ ಕೂಡ ಬೇರೆ ಇರುತ್ತದೆ. ಡಿಸ್‌ಪ್ಲೇ, ಬ್ಯಾಟರಿ ಬಹುಮಟ್ಟಿಗೆ ಹೊಂದುತ್ತವೆ. ಅಮೆರಿಕದ ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಇ-ಸಿಮ್ ಮಾತ್ರ. ಹಲವು ಆಂಡ್ರಾಯ್ಡ್ ಕಂಪನಿಗಳ ವಾರಂಟಿ ಕೊಂಡ ದೇಶದಲ್ಲಷ್ಟೇ ನಡೆಯುತ್ತದೆ.

## ರಿಪೇರಿ ಆದಮೇಲೆ, ಅಥವಾ ಹೊಸದೇ ಎಂದು ತೀರ್ಮಾನಿಸಿದ ಮೇಲೆ

ರಿಪೇರಿ ಆಯ್ತು ಅಂದ್ರು. ಅಂಗಡಿ ಬಿಡೋ ಮುನ್ನ ಏನು ನೋಡ್ಬೇಕು?

ದುಡ್ಡು ಕೊಡುವ ಮುನ್ನ ಐದು ನಿಮಿಷ ತಗೊಳ್ಳಿ. ಒಂದು ಐಕಾನನ್ನು ಒತ್ತಿ ಹಿಡಿದು ಸ್ಕ್ರೀನಿನ ನಾಲ್ಕೂ ಅಂಚಿಗೆ ಎಳೆಯಿರಿ, ಎಲ್ಲಿ ಬಿಟ್ಟುಹೋಗುತ್ತದೋ ಅಲ್ಲಿ ಟಚ್ ಇಲ್ಲ. ಕರೆ ಮಾಡಿ ಕಿವಿಗಿಡಿ, ಸ್ಕ್ರೀನು ಆರಬೇಕು, ತೆಗೆದಾಗ ಹತ್ತಬೇಕು. ಸ್ಪೀಕರಿನಲ್ಲೂ ಮಾತಾಡಿ ನೋಡಿ. ಬೆರಳಚ್ಚನ್ನು ಅಳಿಸಿ ಹೊಸದಾಗಿ ಸೇರಿಸಿ. ಮುಂದಿನ ಮತ್ತು ಹಿಂದಿನ ಕ್ಯಾಮೆರಾ, ವೈಫೈ, ಎರಡೂ ಸಿಮ್‌ಗಳ ಸಿಗ್ನಲ್ ಪರೀಕ್ಷಿಸಿ. ಸ್ಯಾಮ್‌ಸಂಗ್‌ನಲ್ಲಿ *#0*#, ಶಿಯೋಮಿಯಲ್ಲಿ *#*#6484#*#* ಒತ್ತಿದರೆ ಹಲವು ಮಾಡೆಲ್‌ಗಳಲ್ಲಿ ಪರೀಕ್ಷೆಯ ಪಟ್ಟಿಯೇ ತೆರೆದುಕೊಳ್ಳುತ್ತದೆ.

ನೀರು ನಿರೋಧಕ ಫೋನಾದರೆ ಅಂಚಿನ ಅಂಟು ಹೊಸದಾಗಿ ಹಾಕಿದ್ದಾರಾ ಕೇಳಿ. ಹಾಕಿದ್ದರೂ ಮೊದಲಿನ ರಕ್ಷಣೆ ಇದೆಯೆಂದು ನಂಬಿ ನೀರಿಗಿಳಿಸಬೇಡಿ.

ಸರ್ವೀಸ್ ಸೆಂಟರಿನವರು "ಪಾರ್ಟ್ ಬರಲ್ಲ, ಹೊಸದು ತಗೊಳ್ಳಿ" ಅಂತಾರೆ. ದೂರು ಕೊಡಬಹುದಾ?

ಕೊಡಬಹುದು. ಮೊದಲು "ಪಾರ್ಟ್ ಲಭ್ಯವಿಲ್ಲ" ಎಂಬುದನ್ನು ಜಾಬ್ ಶೀಟಿನಲ್ಲೋ ಇಮೇಲಿನಲ್ಲೋ ಬರೆಸಿಕೊಳ್ಳಿ, ಬಾಯಿಮಾತು ನಿಲ್ಲುವುದಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಡಿಸೆಂಬರ್ 2022ರಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ಕಂಪನಿಗಳ ಸರ್ವೀಸ್ ಮತ್ತು ವಾರಂಟಿ ಮಾಹಿತಿ ಅಲ್ಲಿ ಒಂದೆಡೆ ಸಿಗುತ್ತದೆ. ಯುರೋಪಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೂ ಗಟ್ಟಿ ಆಧಾರವಿದೆ. ಜೂನ್ 20, 2025ರಿಂದ ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಗೆ ಬರುವ ಫೋನುಗಳ ಮುಖ್ಯ ಬಿಡಿಭಾಗಗಳನ್ನು ಆ ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಒದಗಿಸಬೇಕು. ನಮ್ಮಲ್ಲೂ ಇಂಥ ನಿಯಮ ಬೇಕು.

ಹೊಸದರ ಬದಲು ಸೆಕೆಂಡ್ ಹ್ಯಾಂಡ್ ತಗೊಂಡ್ರೆ?

ಒಳ್ಳೆಯ ಯೋಚನೆ, ಆದರೆ ಕದ್ದ ಮಾಲು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ, ಅಥವಾ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್‌ನಲ್ಲಿ ನೋಡಿ. ಉತ್ತರದಲ್ಲಿ ಬರುವ ಕಂಪನಿ, ಮಾಡೆಲ್ ನಿಮ್ಮ ಕೈಯಲ್ಲಿರುವ ಫೋನಿಗೆ ಹೊಂದಬೇಕು. ಮಾರುವವರು ನಿಮ್ಮ ಎದುರೇ ತಮ್ಮ ಗೂಗಲ್ ಖಾತೆ ತೆಗೆದು ರಿಸೆಟ್ ಮಾಡಿಕೊಡಲಿ. ಇಲ್ಲದಿದ್ದರೆ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತಾ ಫೋನು ಅಲ್ಲೇ ನಿಲ್ಲುತ್ತದೆ.

ಹೊಸ ಫೋನೇ ತಗೊಂಡೆ. ಹಳೇದು ಪೂರ್ತಿ ಸಾಯೋ ಮುನ್ನ ಏನು ಮಾಡ್ಕೋಬೇಕು?

ಅಥೆಂಟಿಕೇಟರ್ ಆ್ಯಪ್ (ಖಾತೆ ತೆರೆಯುವಾಗ ಹಾಕಬೇಕಾದ ಕೋಡು ತೋರಿಸುವಂಥದ್ದು) ಬಳಸುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ವರ್ಗಾಯಿಸಿ. ಹಳೆಯದು ಸತ್ತ ಮೇಲೆ ಆ ಕೋಡುಗಳಿಲ್ಲದೆ ಖಾತೆ ತೆರೆಯುವುದು ದೊಡ್ಡ ಪಾಡು. ವಾಟ್ಸಾಪ್ ಚಾಟ್ ಬ್ಯಾಕಪ್ ಕೊನೆಯ ದಿನಾಂಕ ನೋಡಿ. ಯುಪಿಐ ಸಿಮ್‌ಗೆ ಮತ್ತು ಫೋನಿಗೆ ಕಟ್ಟಿಕೊಂಡಿರುವುದರಿಂದ ಸಿಮ್ ಹೊಸ ಫೋನಿಗೆ ಹಾಕಿ ಮತ್ತೆ ನೋಂದಾಯಿಸಬೇಕು. ಅದಕ್ಕೆ ಎಸ್‌ಎಂಎಸ್ ಹೋಗುವಷ್ಟು ಬ್ಯಾಲೆನ್ಸ್ ಇರಲಿ. ಮೊದಲ 24 ಗಂಟೆ ಕಳಿಸುವ ಮೊತ್ತಕ್ಕೆ ಮಿತಿ ಇರುವುದು ಸಾಮಾನ್ಯ, ಆಸ್ಪತ್ರೆಯೋ ಫೀಸೋ ಕಟ್ಟುವ ದಿನ ಫೋನು ಬದಲಿಸಬೇಡಿ.

ರಿಪೇರಿ ಆಗದ ಹಳೇ ಫೋನನ್ನ ಎಲ್ಲಿ ಹಾಕ್ಬೇಕು?

ಕಸದ ಗಾಡಿಗೆ ಬೇಡ. ಕಸದ ಲಾರಿಯಲ್ಲಿ ಒತ್ತಿಹೋದ ಬ್ಯಾಟರಿ ಇಡೀ ಲೋಡಿಗೆ ಬೆಂಕಿ ಹಚ್ಚಬಲ್ಲದು, ಅಲ್ಲಿ ಕೆಲಸ ಮಾಡುವವರ ಕೈ ಸುಡುತ್ತದೆ. ಇ-ತ್ಯಾಜ್ಯ (ನಿರ್ವಹಣೆ) ನಿಯಮ 2022ರ ಪ್ರಕಾರ ತಯಾರಕರು ಹಳೆಯ ಸಾಧನಗಳ ಮರುಬಳಕೆಯ ಹೊಣೆ ಹೊರಬೇಕು. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿ, ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಕೊಡಿ. ಗುಜರಿಗೆ ಮಾರಿದರೆ ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಲೋಹ ತೆಗೆಯುವವರ ಕೈಗೆ ಹೋಗಬಹುದು.

ಡಿಸ್‌ಪ್ಲೇ ಚೆನ್ನಾಗಿದ್ದು ಬೋರ್ಡ್ ಮಾತ್ರ ಸತ್ತಿದ್ದರೆ ರಿಪೇರಿ ಅಂಗಡಿಗೆ ಬಿಡಿಭಾಗಕ್ಕೆಂದೇ ಕೊಡಿ. ಬೋರ್ಡನ್ನು ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ, ನಿಮ್ಮ ಫೋಟೋ, ಸಂದೇಶಗಳಿರುವುದು ಅದರಲ್ಲೇ. ಉಳಿದ ಡಿಸ್‌ಪ್ಲೇ, ಕ್ಯಾಮೆರಾ, ಸಿಸಿ ಬೋರ್ಡು ಅದೇ ಮಾಡೆಲ್ಲಿನ ಇನ್ಯಾರದೋ ಫೋನಿಗೆ ಮೂಲ ಬಿಡಿಭಾಗವಾಗಿ ಸೇರುತ್ತವೆ.